ಸೂರ್ಯ ಬಡಗು ದಿಕ್ಕಿಗಿದ್ದ ಹತ್ತು ದಿನ

ಜರ್ಮನಿಯ ಬೊಬ್ಲಿಂಗೆನ್ ಸ್ಟೇಷನ್ನಿನಲ್ಲಿ ಎಸ್-ಬಾನ್ ರೈಲು ಹತ್ತಿದಾಗ ಬೆಳಿಗ್ಗೆ ಏಳೂಕಾಲು. ಆಗಸ್ಟ್ ತಿಂಗಳ ನಡುಭಾಗವಾದರೂ ಹೊರಗೆ ಹದಿನಾರು ಡಿಗ್ರಿ, ಸಣ್ಣಗೆ ಮಳೆ. ನಾವು ಮೂವರಿದ್ದೆವು: ನಾನು, ನನ್ನ ಹೆಂಡತಿ ಸುಜಾತಾ, ಮತ್ತು ಜೂನ್ ಕೊನೆಯಲ್ಲಿ ಗಂಗೊಳ್ಳಿಯಿಂದ ನಮ್ಮಲ್ಲಿಗೆ ಬಂದಿದ್ದ ಅವಳ ತಂದೆ ಗೋವಿಂದ ತಾಂಡೇಲರು. ತಾಂಡೇಲ ಎಂದರೆ ಮೀನುಗಾರಿಕೆ ದೋಣಿಯ ಯಜಮಾನ. ಜನರನ್ನು ಕಡಲಿಗೆ ಕರೆದೊಯ್ದು ತಿರುಗಿ ದಡ ಮುಟ್ಟಿಸುವ ಹೊಣೆ ಅವನದು. ಮಾವ ಆ ಕೆಲಸವನ್ನು ನಲವತ್ತು ವರ್ಷ ಮಾಡಿದವರು. ನಾನು ಮೈಸೂರಿನವನು. ಕಡಲು ಕಾರಂಜಿ ಕೆರೆಗಿಂತ ದೊಡ್ಡದು ಎಂಬುದಷ್ಟೇ ನನಗೆ ಆ ಬಗ್ಗೆ ಗೊತ್ತಿದ್ದ ವಿಷಯ.

ನಾವು ಹೊರಟದ್ದು ಸೇಶೆಲ್ಸ್ ದ್ವೀಪಗಳಿಗೆ. ಆಫ್ರಿಕಾದ ಪೂರ್ವಕ್ಕೆ, ಭೂಮಧ್ಯರೇಖೆಯಿಂದ ಸ್ವಲ್ಪ ಕೆಳಗೆ, ನಕಾಶೆಯ ಮೇಲೆ ಯಾರೋ ಸಾಸಿವೆ ಚೆಲ್ಲಿದ ಹಾಗೆ ಕಾಣುವ ಜಾಗ ಅದು. ಆಗಸ್ಟಿನಲ್ಲಿ ನಮ್ಮ ಕಂಪನಿಗೆ ಮೂರು ವಾರ ಬೆಟ್ರೀಬ್ಸ್‌ಫೇರಿಯನ್, ಅಂದರೆ ಕಾರ್ಖಾನೆಗೇ ಬೀಗ. ಬೇಕಿದ್ದರೂ ಬೇಡವಾದರೂ ಎಲ್ಲರೂ ರಜೆ ಹಾಕಲೇಬೇಕು. ಮಾವನ ವೀಸಾದ ಮೇಲೆ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದೆಂಬ ಮುದ್ರೆ ಇತ್ತು. ಸೇಶೆಲ್ಸಿಗೆ ಭಾರತದವರು ವೀಸಾ ಕೇಳಬೇಕಿಲ್ಲ. ಇವೆಲ್ಲ ನಾವು ಸ್ನೇಹಿತರಿಗೆ ಹೇಳಿದ ಕಾರಣಗಳು. ನಿಜವಾದ ಕಾರಣ ಬೇರೆ ಇತ್ತು.

ಬಂದ ಮೊದಲ ವಾರವೇ ಮಾವ ಗೊಂದಲಕ್ಕೆ ಬಿದ್ದಿದ್ದರು. ಜೂನ್ ತಿಂಗಳಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ಕತ್ತಲಾದ ಮೇಲೆ ಊಟ ಮಾಡಿ ಮಲಗುವ ಮನುಷ್ಯ ಸೋಫಾದಲ್ಲಿ ಕೂತು ಕಿಟಕಿ ನೋಡುತ್ತ, "ಹ್ವಾಯ್, ಇಲ್ಲಿ ಕತ್ಲೆ ಆಪುದೇ ಇಲ್ಯಾ?" ಎಂದು ನನ್ನನ್ನು ಕೇಳುತ್ತಿದ್ದರು. ಅರ್ಧ ಗಂಟೆ ಬಿಟ್ಟು ಅದೇ ಪ್ರಶ್ನೆ. ಒಂದು ದಿನ ನಸುಕಿನಲ್ಲೇ ಬೆಳಕು ಹರಿದದ್ದು ನೋಡಿ ವಾಕಿಂಗಿಗೆ ಹೋದವರು ದಾರಿ ತಪ್ಪಿ, ಆರು ಗಂಟೆಗೆ ಕೆಳಮನೆಯ ಜರ್ಮನ್ ಹೆಂಗಸಿನ ಜೊತೆ ಬಂದರು. ವಾರದ ಹೆಸರು ತಪ್ಪು ಹೇಳತೊಡಗಿದರು. ಸುಜಾತಾಳ ಅಜ್ಜಿಗೆ, ಅಂದರೆ ಮಾವನ ತಾಯಿಗೆ, ಇದೇ ವಯಸ್ಸಿನಲ್ಲಿ ಮರೆವಿನ ಕಾಯಿಲೆ ಹಿಡಿದಿತ್ತಂತೆ. ಅವಳಿಗೆ ಭಯ ಹತ್ತಿತು. ನರರೋಗ ವೈದ್ಯರೊಬ್ಬರ ಟರ್ಮಿನ್ ಹಿಡಿದಳು. ಇಲ್ಲಿ ಡಾಕ್ಟರನ್ನು ಕಾಣುವ ದಿನ ಸಿಗುವುದೇ ಒಂದು ತಪಸ್ಸು. ಅವರು ಕೊಟ್ಟದ್ದು ಸೆಪ್ಟೆಂಬರಿಗೆ.

"ಅಲ್ಲೀವರೆಗೆ ನಾವೇ ಅಬ್ಸರ್ವ್ ಮಾಡಿ ನೋಟ್ ಮಾಡ್ಕೊಳ್ಳೋಣ ಮಧು, ಡಾಕ್ಟರ್‌ಗೆ ಎಕ್ಸಾಂಪಲ್ಸ್ ಬೇಕಾಗತ್ತೆ" ಎಂದಳು.

"ಬೊಬ್ಲಿಂಗೆನ್‌ನಲ್ಲಿ ಯಾರಿಗೆ ತಲೆ ಸರಿ ಇರತ್ತೆ ಹೇಳು. ಸಮುದ್ರ ಇರೋ ಕಡೆ ಕರ್ಕೊಂಡು ಹೋಗಿ ನೋಡೋಣ. ಅಲ್ಲಿ ಸರಿ ಇದ್ರೆ ತಪ್ಪು ಜರ್ಮನೀದು, ಅವರದಲ್ಲ" ಎಂದೆ ನಾನು. ಇಂಜಿನಿಯರ್ ಬುದ್ಧಿ: ಯಂತ್ರ ಕೈಕೊಟ್ಟರೆ ಮೊದಲು ಅದನ್ನು ಅದರ ಜಾಗದಲ್ಲಿಟ್ಟು ಓಡಿಸಿ ನೋಡಬೇಕು. ಮಾವನನ್ನು ಯಂತ್ರ ಮಾಡಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಆಗ ಬಹಳ ಜಾಣತನದ ಮಾತಾಡಿದೆ ಅನ್ನಿಸಿತ್ತು.

ಸ್ಟುಟ್‌ಗಾರ್ಟಿನಿಂದ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ರೈಲು, ಅಲ್ಲಿಂದ ಗಲ್ಫಿಗೆ ಆರು ಗಂಟೆ, ಮೂರು ಗಂಟೆ ಕಾಯುವಿಕೆ, ಮತ್ತೆ ನಾಲ್ಕೂವರೆ ಗಂಟೆ ಹಾರಾಟ. ಮರುದಿನ ಬೆಳಿಗ್ಗೆ ಮಾಹೆ ಎಂಬ ದೊಡ್ಡ ದ್ವೀಪದಲ್ಲಿ ಇಳಿದೆವು. ದೊಡ್ಡದು ಎಂದರೆ ಉದ್ದ ಇಪ್ಪತ್ತೇಳು ಕಿಲೋಮೀಟರ್, ನಡುವೆ ಹಸಿರು ಗುಡ್ಡ. ಇಪ್ಪತ್ತೇಳು ಡಿಗ್ರಿ ಬಿಸಿಲು, ಮೈಗೆ ಅಂಟದ ಗಾಳಿ. ವಿಮಾನದ ಮೆಟ್ಟಿಲ ಮೇಲೆಯೇ ಮಾವ ನಿಂತುಬಿಟ್ಟರು. ಹಿಂದಿನವರು ಗೊಣಗುತ್ತಿದ್ದರೂ ಮುಖ ಎತ್ತಿ, ಎಡಕ್ಕೆ ಬಲಕ್ಕೆ ತಿರುಗಿ ಗಾಳಿಯನ್ನು ಕೆನ್ನೆಯಿಂದ ಅಳೆದರು.

"ಇದೆಂತ ಮೂಡ್‌ಗಾಳಿ?" ಎಂದರು. ಗಂಗೊಳ್ಳಿಯಲ್ಲಿ ಈ ತಿಂಗಳು ಗಾಳಿ ಬೀಸುವುದು ಪಡುವಣ ದಿಕ್ಕಿನಿಂದ. ಮಘೆ ಮಳೆ, ಕೆಂಪು ನೀರು, ದೋಣಿಗಳೆಲ್ಲ ದಡದಲ್ಲಿ. ಇಲ್ಲಿ ಗಾಳಿ ಆಗ್ನೇಯದಿಂದ ಬರುತ್ತಿತ್ತು, ಆಕಾಶ ಖಾಲಿ. ಟ್ಯಾಕ್ಸಿಯವನನ್ನು ವಿಚಾರಿಸಿದೆ. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಇಲ್ಲಿ ಆಗ್ನೇಯ ಗಾಳಿ, ಅದು ಒಣ ಕಾಲ. ಮಳೆಗಾಲ ಡಿಸೆಂಬರ್ ಜನವರಿಯಲ್ಲಿ, ಆಗ ಗಾಳಿ ವಾಯವ್ಯದಿಂದ ಎಂದ. ಇದನ್ನು ಮಾವನಿಗೆ ತಿಳಿಸಿ ಹೇಳಿದೆ. ಅವರು ಕೇಳಿಸಿಕೊಂಡರು. ಸಂಜೆ ಮತ್ತೆ, "ಗಾಳಿ ತಿರ್ಗಿತ್ತಾ, ನನ್ ತಲೆ ತಿರ್ಗಿತ್ತಾ?" ಎಂದು ಕೇಳಿದರು. ಸುಜಾತಾ ಫೋನ್ ತೆಗೆದು ಏನೋ ಟೈಪ್ ಮಾಡಿಕೊಂಡಳು.

ನಾವಿಳಿದಿದ್ದ ಅತಿಥಿಗೃಹ ಬೋ ವಲ್ಲೋ ಎಂಬ ಕಡಲತೀರದಲ್ಲಿತ್ತು. ಗುಡ್ಡ ಅಡ್ಡವಿದ್ದುದರಿಂದ ಅಲ್ಲಿ ನೀರು ತಟ್ಟೆಯಲ್ಲಿಟ್ಟ ಹಾಗೆ ನಿಂತಿತ್ತು. ಬಸ್ಸು ಹತ್ತಿ ದ್ವೀಪದ ಇನ್ನೊಂದು ಬದಿಗೆ ಹೋದರೆ ಅದೇ ಕಡಲು ಬಂಡೆಗೆ ಅಪ್ಪಳಿಸಿ ಆಳೆತ್ತರ ಏಳುತ್ತಿತ್ತು. ಒಂದೇ ದಿನ, ಒಂದೇ ದ್ವೀಪ, ಎರಡು ಕಡಲು. ಒಂದು ಕಪ್ಪು ಮೋಡ ಬಂದಾಗ ಮಾವ, ಇನ್ನು ಇಡೀ ದಿನ ಹೊಡೆಯುತ್ತದೆ, ಒಳಗೆ ನಡೆಯಿರಿ ಎಂದರು. ಅದು ಹತ್ತು ನಿಮಿಷ ಸುರಿದು ಹೋಯಿತು. ಬಿಸಿಲಿನಲ್ಲಿ ಕೊಡೆ ಹಿಡಿದುಕೊಂಡು ನಿಂತವರು ನಾವು ಮೂವರೇ. ನನ್ನ ಲೆಕ್ಕ ಬುಡಮೇಲಾಗುತ್ತಿತ್ತು. ಕಡಲ ಹತ್ತಿರ ಬಂದರೆ ಅವರ ತಲೆ ತಿಳಿಯಾಗುತ್ತದೆಂದು ನಾನು ಅಂದುಕೊಂಡಿದ್ದರೆ, ಇಲ್ಲಿ ಕಡಲೇ ಅವರನ್ನು ಕಲಸಿಹಾಕುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ದಾರಿ ತಪ್ಪಿದ ಪ್ರಸಂಗ ನಡೆಯಿತು. ಯುರೋಪಿನೊಳಗೆ ಎಲ್ಲಿ ಹೋದರೂ ಓಡುವ ನಮ್ಮ ಸಿಮ್ ಇಲ್ಲಿ ಸತ್ತುಬಿದ್ದಿತ್ತು, ನಕಾಶೆ ತೆರೆಯಲಿಲ್ಲ. ಮನೆಯ ಒಡತಿ, ನಮ್ಮದು ತೀರದ ದಕ್ಷಿಣ ತುದಿ ಎಂದಿದ್ದಳು. ಮರಗಳ ನಡುವಿನ ಯಾವುದೋ ಓಣಿಯಿಂದ ತೀರಕ್ಕೆ ಬಂದಾಗ ಎಡವೋ ಬಲವೋ ತಿಳಿಯಲಿಲ್ಲ.

"ಸಿಂಪಲ್. ಹನ್ನೆರಡು ಗಂಟೆ. ಮಧ್ಯಾಹ್ನ ಸೂರ್ಯ ಇರೋ ಕಡೆ ಸೌತ್" ಎಂದಳು ಸುಜಾತಾ. ನಾನು ಒಪ್ಪಿದೆ. ಜರ್ಮನಿಯಲ್ಲಿ ಬಾಲ್ಕನಿ ಇರುವ ಮನೆ ಹುಡುಕುವಾಗ ನಾವು ಕಲಿತ ಪಾಠವದು.

"ಅದ್ ತೆಂಕ್ ಅಲ್ಲ ಮಗಾ, ಬಡಗು. ಸೂರ್ಯ ಬಡಗಿಗಿತ್ತ್" ಎಂದರು ಮಾವ.

ಸುಜಾತಾ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಸೂರ್ಯನ ದಿಕ್ಕೇ ತಪ್ಪಿದ ಮೇಲೆ ಇನ್ನೇನು ಉಳಿಯಿತು? ಅಪ್ಪನ ಕೈ ಹಿಡಿದುಕೊಂಡು ಮೆಲ್ಲಗೆ, ಮಕ್ಕಳನ್ನು ಕರೆದೊಯ್ಯುವ ಹಾಗೆ, ಸೂರ್ಯನ ಕಡೆಗೆ ನಡೆಸಿದಳು. ಎರಡು ಕಿಲೋಮೀಟರ್ ನಡೆದೆವು. ತೀರ ಮುಗಿಯಿತು, ಬಂಡೆ ಎದುರಾಯಿತು, ನಮ್ಮ ಮನೆ ಮಾತ್ರ ಸಿಗಲಿಲ್ಲ. ಮಾವ ಮಗಳ ಕೈ ಬಿಡದೆ ಜೊತೆಗೆ ಬಂದಿದ್ದರು. ಮತ್ತೆ ಅಷ್ಟೇ ದೂರ ತಿರುಗಿ ಬಂದು, ಅಲ್ಲಿಂದ ಮುಂದಕ್ಕೂ ನಡೆದು ಮನೆ ಮುಟ್ಟಿದಾಗ ಮೂರು ಗಂಟೆ.

ಸಂಜೆ ಬಾಳೆಹಣ್ಣು ಸುಲಿಯುತ್ತಿದ್ದಾಗ ನನಗೆ ಹೊಳೆಯಿತು. ನಾವು ಭೂಮಧ್ಯರೇಖೆಯ ಕೆಳಗಿದ್ದೇವೆ. ಆಗಸ್ಟಿನಲ್ಲಿ ಸೂರ್ಯ ಇನ್ನೂ ಮೇಲಿನ ಅರ್ಧದಲ್ಲಿರುತ್ತಾನೆ. ಇಲ್ಲಿ ನಿಂತವನಿಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಕಾಣಬೇಕು. ಫೋನಿನಲ್ಲಿ ದಿಕ್ಸೂಚಿ ಇರುವುದು ಆಗ ನೆನಪಾಗಿ ತೆರೆದು ನೋಡಿದೆ. ಇಬ್ಬರು ಇಂಜಿನಿಯರುಗಳು ನಾಲ್ಕು ಕಿಲೋಮೀಟರ್ ವೃಥಾ ನಡೆದದ್ದು ದಿಟವಾಯಿತು.

"ನಿಮಗೆ ಹೇಗೆ ಗೊತ್ತಾಯ್ತು ಮಾವ?"

"ಬೆಳಿಗ್ಗೆ ಎಲ್ಲಿ ಹುಟ್ತ್ ಅಂದೇಳಿ ಕಂಡಿದ್ದೆ ಅಲ್ದಾ" ಎಂದರು ಅವರು. ಆಮೇಲೆ ಮಗಳ ಕಡೆ ತಿರುಗಿ, "ನಿನ್ನೆ ನಾನ್ ಚಾವಿ ಹುಡ್ಕಿದ್ದ್ ಬರ್ದ್ಯಾ?" ಎಂದು ಕೇಳಿದರು.

ಸುಜಾತಾ ಪಟ್ಟಿ ಮಾಡುತ್ತಿರುವುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಮುನಿಸು ಇರಲಿಲ್ಲ ಅವರಿಗೆ. ದೋಣಿಯಲ್ಲಿ ಎಷ್ಟು ಐಸ್ ತುಂಬಿದರೆಂದು ವಿಚಾರಿಸುವ ದನಿಯಲ್ಲೇ ಕೇಳಿದ್ದರು. ಅವಳು ಫೋನ್ ತೆಗೆದು "ಸೂರ್ಯ ಉತ್ತರ" ಎಂದಿದ್ದ ಸಾಲನ್ನು ಅಳಿಸಿದಳು. ಚಾವಿಯ ಸಾಲು ಉಳಿಯಿತು, ಏಕೆಂದರೆ ಚಾವಿ ಅವರ ಕೈಯಲ್ಲೇ ಇತ್ತು, ಅವರು ಹತ್ತು ನಿಮಿಷ ಹುಡುಕಿದ್ದರು.

ನಾಲ್ಕನೆಯ ದಿನ ಪ್ರಾಲೆ ಎಂಬ ಇನ್ನೊಂದು ದ್ವೀಪಕ್ಕೆ ಹೊರಟೆವು. ದೊಡ್ಡ ಫೆರಿ, ಒಂದು ಗಂಟೆಯ ದಾರಿ, ಸ್ಥಳೀಯರಿಗೊಂದು ದರ, ನಮ್ಮಂಥವರಿಗೆ ಇನ್ನೊಂದು. ಬಂದರು ದಾಟಿದ್ದೇ ಆಗ್ನೇಯ ಗಾಳಿ ಪಕ್ಕೆಗೆ ಗುದ್ದತೊಡಗಿತು. ಸಿಬ್ಬಂದಿ ಕಾಗದದ ಚೀಲ ಹಂಚಿದರು. ನಾನು ನನ್ನದನ್ನು ತುಂಬಿಸಿ ಸುಜಾತಾಳದನ್ನೂ ಇಸಿದುಕೊಂಡೆ. ಮಾವ ಮಾತ್ರ ಕಾಲು ಚಾಚಿ ಕೂತು ನೆಲಗಡಲೆ ತಿನ್ನುತ್ತ ಬೆನ್ನು ನೀವುತ್ತಿದ್ದರು, ನನ್ನದು. "ದೂರ ಕಾಣಿ, ಹತ್ರ ಕಾಂಬುಕಾಗ" ಎಂದು ಹೇಳಿಕೊಟ್ಟರು. ದಿಗಂತವನ್ನು ನೋಡಿದರೆ ಹೊಟ್ಟೆ ನಿಜಕ್ಕೂ ತಣ್ಣಗಾಯಿತು.

ಪ್ರಾಲೆಯಲ್ಲಿ ಊಟದ್ದೊಂದು ಸುಖವಿತ್ತು. ತೆಂಗಿನಹಾಲಿನ ಮೀನು ಸಾರು ಅವರಿಬ್ಬರಿಗೆ, ಬೇಳೆ ಮತ್ತು ಹಲಸಿನ ಜಾತಿಯ ದೀಗುಜ್ಜೆಯ ಚಿಪ್ಸ್ ನನಗೆ. ಅಲ್ಲಿನ ಮನೆಯ ಒಡತಿ ಬಾವಲಿ ಪಲ್ಯವನ್ನೂ ಬಡಿಸಲು ಬಂದಳು. ಸಂಜೆ ಮಾವಿನ ಮರದ ಮೇಲೆ ನಾಯಿಮರಿ ಗಾತ್ರದ ಹಣ್ಣುಬಾವಲಿಗಳು ಕಚ್ಚಾಡುವುದನ್ನು ಅದೇ ತಾನೇ ನೋಡಿದ್ದರಿಂದ ನಾನು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ.

ಮರುದಿನ ತಾಳೆಯ ಕಾಡಿಗೆ ಹೋದೆವು. ಪ್ರಪಂಚದ ಅತಿ ದೊಡ್ಡ ಬೀಜ ಬಿಡುವ ಮರಗಳು ಅಲ್ಲಿವೆ. ಎರಡು ತೆಂಗಿನಕಾಯಿ ಅಂಟಿಸಿಟ್ಟ ಹಾಗಿನ ಕಾಯಿ, ಎತ್ತಲು ಎರಡು ಕೈ ಬೇಕು. ಮಾವ ಅದನ್ನು ಸವರಿ, "ಇದ್ ಬೈರಾಗಿ ಕಯ್ಯಂಗ್ ಇಪ್ಪು ಕಮಂಡಲ ಅಲ್ದಾ" ಎಂದರು. ಸುಜಾತಾಳ ಕೈ ತನ್ನಷ್ಟಕ್ಕೇ ಫೋನಿಗೆ ಹೋಯಿತು. ನಾನು ಅದನ್ನು ತಡೆದು ಗೈಡನ್ನು ಕೇಳಿದೆ. ಅವನು ನಕ್ಕು, ಈ ಮರ ಎಲ್ಲಿದೆಯೆಂದು ಲೋಕಕ್ಕೆ ಗೊತ್ತಾಗುವ ಎಷ್ಟೋ ಮೊದಲೇ ಒಣಗಿದ ಬುರುಡೆಗಳು ತೇಲಿಕೊಂಡು ಭಾರತದ ದಡ ಸೇರುತ್ತಿದ್ದವು, ಸನ್ಯಾಸಿಗಳು ಅದರಲ್ಲಿ ಪಾತ್ರೆ ಮಾಡಿಕೊಳ್ಳುತ್ತಿದ್ದರು ಎಂದ. ಈಗ ಪಟ್ಟಿಯಲ್ಲಿ ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು ಎಂದು ನಮಗೇ ತಿಳಿಯದಾಯಿತು. ಅವರು ತಪ್ಪೆಂದು ನಾವು ಬರೆದುಕೊಂಡದ್ದರಲ್ಲಿ ನಮ್ಮ ತಪ್ಪು ಎಷ್ಟಿರಬಹುದು?

ಆರನೆಯ ದಿನ ಹಕ್ಕಿಗಳ ದ್ವೀಪಕ್ಕೆ ದೋಣಿ ಗೊತ್ತು ಮಾಡಿದ್ದೆವು. ಅಲ್ಲಿ ವಸತಿ ಇಲ್ಲ, ಕಾವಲುಗಾರರು ಮಾತ್ರ. ವಾರದ ದಿನಗಳಲ್ಲಿ ಬೆಳಗಿನ ಹೊತ್ತು ಮಾತ್ರ ಜನರನ್ನು ಬಿಡುತ್ತಾರೆ. ನಮ್ಮ ದೋಣಿಯವನು ಆಂಟ್ವಾನ್, ಐವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು. ಎಂಟು ಗಂಟೆಗೆ ತೀರಕ್ಕೆ ಬಂದಾಗ ಮಾವ ದೋಣಿ ಹತ್ತಲೊಲ್ಲರು.

"ಇವತ್ತ್ ನೂಲ್ ಹುಣ್ಮಿ. ಕಾಯಿ ಬಿಡ್ದೆ ಕಡ್ಲಿಗ್ ಇಳೂಕಾಗ" ಎಂದರು.

ಗಂಗೊಳ್ಳಿ ಕಡೆಯ ಮೀನುಗಾರರು ಮಳೆಗಾಲ ಕಳೆದು ನೂಲ ಹುಣ್ಣಿಮೆಯಂದು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಕೈಮುಗಿಯುತ್ತಾರೆ. ಆಮೇಲೆಯೇ ಹೊಸ ಮೀನುಗಾರಿಕೆ. ಇವತ್ತು ಯಾವ ವಾರವೆಂದು ಕೇಳಿದರೆ ಮಾವನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ತಾನೇ ಭಾನುವಾರ ಎಂದಿದ್ದರು, ಅದು ಸೋಮವಾರ. ಆದರೆ ಹುಣ್ಣಿಮೆ ಹೌದು. ಹಿಂದಿನ ಸಂಜೆಯ ಚಂದ್ರನನ್ನು ನಾನೂ ನೋಡಿದ್ದೆ. ನೋಡಿ ಸುಮ್ಮನಾಗಿದ್ದೆ, ಅಷ್ಟೇ.

ಆಂಟ್ವಾನನಿಗೆ ವಿಷಯ ಹೇಳಿದೆ. ಅವನು ಏನೂ ಕೇಳದೆ ಎದುರಿನ ತೋಟಕ್ಕೆ ಹೋಗಿ ಒಂದು ಕಾಯಿ ತಂದು, ಕತ್ತಿಯಲ್ಲಿ ಸಿಪ್ಪೆ ಬಿಡಿಸಿ ಮಾವನ ಕೈಗಿತ್ತ. ಮಾವ ಮೊಣಕಾಲ ನೀರಿನವರೆಗೆ ಹೋಗಿ ಪಡು ಮುಖವಾಗಿ ನಿಂತರು. ಊರಿನಲ್ಲಿ ಕಡಲು ಪಡುವಣಕ್ಕಲ್ಲವೇ. ಆಮೇಲೆ ಸುತ್ತ ನೋಡಿದರು. ಇಲ್ಲಿ ಎಲ್ಲ ಕಡೆಯೂ ಕಡಲೇ. ಯಾವ ದಿಕ್ಕಿಗೆ ಬಿಡಬೇಕೆಂದು ತಿಳಿಯದೆ ಕಾಯಿ ಹಿಡಿದು ಬಹಳ ಹೊತ್ತು ನಿಂತೇ ಇದ್ದರು. ಕೊನೆಗೆ ಆಂಟ್ವಾನ್ ಪಕ್ಕಕ್ಕೆ ಹೋಗಿ ನಿಂತು ಈಶಾನ್ಯದ ಕಡೆ ಕೈ ತೋರಿಸಿ, "ಇಂಡಿಯಾ" ಎಂದ. ಮಾವ ಅತ್ತ ತಿರುಗಿ ಕಾಯಿ ಬಿಟ್ಟರು. ತೆರೆ ಅದನ್ನು ಎರಡು ಸಲ ನಮ್ಮ ಕಾಲ ಬಳಿಗೇ ತಂದು ಹಾಕಿತು. ಮೂರನೆಯ ಸಲ ಒಯ್ದಿತು.

ಹಕ್ಕಿ ದ್ವೀಪದಲ್ಲಿ ಜೆಟ್ಟಿ ಇಲ್ಲ. ಇಲಿ ಹತ್ತಿ ಬರಬಾರದೆಂದು ಹೊರಗಿನ ದೋಣಿಗಳನ್ನು ದಡಕ್ಕೂ ಬಿಡುವುದಿಲ್ಲ. ಕಾವಲುಗಾರರು ತಮ್ಮ ದೋಣಿ ತಂದು, ಅದರಲ್ಲಿ ನಮ್ಮನ್ನು ಕೂರಿಸಿಕೊಂಡು, ತೆರೆಯ ನಡುವೆ ಬಿಡುವು ಕಾದು, ಇಂಜಿನ್ ಪೂರ್ತಿ ಬಿಟ್ಟು ಮರಳ ಮೇಲೆ ನುಗ್ಗಿಸುತ್ತಾರೆ. ಆ ತಿಂಗಳ ಗಾಳಿಗೆ ತೆರೆ ಜೋರಾಗಿತ್ತು. ಚುಕ್ಕಾಣಿ ಹಿಡಿದ ತರುಣಿ ಹಿಂದೆ ತಿರುಗಿ ನೀರನ್ನೇ ನೋಡುತ್ತಿದ್ದಳು. ನಾನು ಸೀಟಿನ ಕಂಬಿ ಅಪ್ಪಿಕೊಂಡಿದ್ದೆ. ಪಕ್ಕದಲ್ಲಿ ಮಾವನೂ ಹಿಂದೆ ತಿರುಗಿ ಕೂತಿದ್ದರು.

"ಈಗ ಬ್ಯಾಡ" ಎಂದರು ತಮ್ಮಷ್ಟಕ್ಕೆ. "ಇನ್ನೊಂದ್ ಬಪ್ಪುಕಿತ್ತ್. ಅದ್ರ ಹಿಂದೆ ಮತ್ತೊಂದ್." ಎರಡು ದೊಡ್ಡ ತೆರೆಗಳು ನಮ್ಮನ್ನು ಎತ್ತಿ ಇಳಿಸಿ ದಾಟಿದವು. "ಹೂಂ, ಈಗ" ಎಂದರು. ಅದೇ ಗಳಿಗೆಗೆ ತರುಣಿ ಇಂಜಿನ್ ಎಳೆದಳು. ದೋಣಿ ಹಾರಿದ ಹಾಗೆ ಹೋಗಿ ಮರಳಿನಲ್ಲಿ ಕಚ್ಚಿಕೊಂಡು ನಿಂತಿತು. ಸುಜಾತಾ ಅಪ್ಪನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತಿದ್ದಳು. ಜೂನ್ ತಿಂಗಳಿಂದ ಅವಳು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ.

ದ್ವೀಪದ ಒಳಗೆ ಹಕ್ಕಿಗಳಿಗೆ ಮನುಷ್ಯರೆಂದರೆ ಲೆಕ್ಕಕ್ಕೇ ಇಲ್ಲ. ದಾರಿಯ ಪಕ್ಕದಲ್ಲೇ ಬಿಳಿ ಬಾಲದ ಹಕ್ಕಿ ಮರದ ಬುಡದಲ್ಲಿ ಮರಿ ಕಟ್ಟಿಕೊಂಡು ಕೂತಿತ್ತು. ಇನ್ನೂರು ಕಿಲೋ ತೂಗುವ ಆಮೆಯೊಂದು ಅಡ್ಡ ಬಂದು, ಕತ್ತು ತುರಿಸುವವರೆಗೆ ಕದಲಲಿಲ್ಲ. ನನಗೆ ನೋಡಬೇಕೆನಿಸಿದ್ದು ಮೊಟ್ಟೆಯಿಡುವ ಕಡಲಾಮೆ, ಅದರ ಚಿತ್ರ ನೋಡಿಯೇ ಟಿಕೆಟ್ ತೆಗೆದದ್ದು. ಅವು ಅಕ್ಟೋಬರಿನ ಮೇಲೆ ಬರುತ್ತವೆ, ನೀವು ಬೇಗ ಬಂದಿರಿ ಎಂದಳು ತರುಣಿ. ಅಪ್ಪಟ ಬಿಳಿಯ ಹಕ್ಕಿಯೊಂದು ಗೂಡೇ ಇಲ್ಲದೆ ಬೋಳು ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟಿತ್ತು. ಗಾಳಿಗೆ ಕೊಂಬೆ ತೂಗುತ್ತಿತ್ತು, ಮೊಟ್ಟೆ ಬೀಳುತ್ತಿರಲಿಲ್ಲ. ಏಕೆ ಬೀಳುವುದಿಲ್ಲವೆಂದು ನನಗೆ ಈಗಲೂ ಅರ್ಥವಾಗಿಲ್ಲ.

ಆ ಋತುವಿನಲ್ಲಿ ಅಲ್ಲಿ ಹೆಚ್ಚು ಇರುವುದು ನಾಡಿ ಎಂಬ ಕಂದು ಬಣ್ಣದ ಕಡಲಹಕ್ಕಿ. ಒಂದು ಜಾತಿಯ ಮರದ ಎಲೆಯಿಂದಲೇ ಅವು ಗೂಡು ಕಟ್ಟುತ್ತವೆ. ಅದೇ ತಿಂಗಳಲ್ಲಿ ಅದೇ ಮರ ಅಂಟು ಬೀಜ ಉದುರಿಸುತ್ತದೆ. ಬೀಜ ರೆಕ್ಕೆಗೆ ಮೆತ್ತಿಕೊಂಡರೆ ಹಕ್ಕಿ ಹಾರಲಾರದೆ ನೆಲಕ್ಕೆ ಬಿದ್ದು ಸಾಯುತ್ತದೆ. ಮನೆ ಕೊಡುವ ಮರವೇ ಹೀಗೆ ಮಾಡುವುದು ಯಾಕೆಂದು ಕೇಳಿದರೆ ತರುಣಿ ಭುಜ ಕುಣಿಸಿದಳು. ಹಾಗೆ ಬಿದ್ದಿದ್ದ ಒಂದು ಹಕ್ಕಿ ದಾರಿಯಂಚಿನಲ್ಲಿ ಒದ್ದಾಡುತ್ತಿತ್ತು. ಮುಟ್ಟಬಾರದೆಂಬ ನಿಯಮವಿತ್ತು. ಅದನ್ನು ನಾನು ಕನ್ನಡದಲ್ಲಿ ಹೇಳಿದ್ದೂ ಕೇಳಿಸದವರಂತೆ ಮಾವ ಕುಕ್ಕರಗಾಲಲ್ಲಿ ಕೂತುಬಿಟ್ಟರು. ತರುಣಿ ತಡೆಯಲು ಬಂದವಳು ಅವರ ಬೆರಳುಗಳನ್ನು ನೋಡಿ ನಿಂತಳು. ಆಮೇಲೆ ತಾನೇ ಹಕ್ಕಿಯನ್ನು ಅಲುಗದಂತೆ ಹಿಡಿದುಕೊಂಡಳು.

ಸಿಕ್ಕುಗಟ್ಟಿದ ಬಲೆಯನ್ನು ಬಿಡಿಸುವ ಬೆರಳುಗಳವು. ಒಂದೊಂದೇ ಗರಿಯನ್ನು ಉಗುರಿನಿಂದ ಬೇರ್ಪಡಿಸಿ, ಬೀಜವನ್ನು ಎಳೆಯದೆ, ಹಿಂದಕ್ಕೆ ಉರುಳಿಸಿ ತೆಗೆಯುತ್ತಿದ್ದರು. ಇಪ್ಪತ್ತು ನಿಮಿಷವಾಯಿತು. ಒಂದು ಗರಿಯೂ ಕಿತ್ತುಬರಲಿಲ್ಲ. ತರುಣಿ ಬಿಟ್ಟಾಗ ಹಕ್ಕಿ ನಾಲ್ಕು ಹೆಜ್ಜೆ ತಡವರಿಸಿ, ಮೇಲೆದ್ದು, ಕೊಂಬೆಗಳ ನಡುವೆ ಸೇರಿಹೋಯಿತು. ಮಧು, ಟರ್ಮಿನ್ ಕ್ಯಾನ್ಸಲ್ ಮಾಡಿಬಿಡೋಣ ಎಂದು ಸುಜಾತಾ ನನ್ನ ಕಿವಿಯಲ್ಲಿ ಹೇಳಿದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ.

ಮಾವ ಕೈ ಒರೆಸಿಕೊಂಡು ಎದ್ದು ಸುತ್ತ ನೋಡಿದರು. "ಅಬ್ಬಿ ಎಲ್ಲಿತ್ತ್?" ಎಂದರು ಮಗಳಿಗೆ. "ಅದ್ಕೂ ತೋರ್ಸ್‌ಕಿತ್ತ್. ದೋಣಿಯಂಗೇ ಕೂತಿತ್ತಾ?"

ಅಬ್ಬಿ ಎಂದರೆ ಸುಜಾತಾಳ ತಾಯಿ. ಅವರು ತೀರಿಕೊಂಡು ಆರು ವರ್ಷ.

"ಅಪ್ಪಯ್ಯ, ಅಬ್ಬಿ ಹೋಯಿ ಆರ್ ವರ್ಷ ಆಯ್ತಲ್ದಾ" ಎಂದಳು ಅವಳು.

"ಹೌದಲ್ದಾ" ಎಂದರು. ಮುಖ ಬಿಳಿಚಿತು. ದೋಣಿಗೆ ತಿರುಗಿ ಹೋಗುವವರೆಗೂ ಮಗಳ ಹಿಂದೆ, ಅವಳು ಹೆಜ್ಜೆಯಿಟ್ಟಲ್ಲೇ ಹೆಜ್ಜೆಯಿಡುತ್ತ ನಡೆದರು. ಈ ಸಲ ತೆರೆ ಎಣಿಸಲಿಲ್ಲ.

ಉಳಿದ ನಾಲ್ಕು ದಿನದ ಬಗ್ಗೆ ಬರೆಯಲು ಹೆಚ್ಚಿಲ್ಲ. ಹುಣ್ಣಿಮೆ ಕಳೆದರೆ ಗಾಳಿ ತಿರುಗುತ್ತದೆ ಎಂದು ಮಾವ ಹೇಳಿದ್ದರು, ತಿರುಗಲಿಲ್ಲ. ಎರಡು ದಿನ ಪಾಚಿ ಬಂದು ತೀರವೆಲ್ಲ ಕಂದಾಯಿತು. ಸುಜಾತಾ ಪಟ್ಟಿಗೆ ಏನನ್ನೂ ಸೇರಿಸಲಿಲ್ಲ, ಟರ್ಮಿನ್ ಕ್ಯಾನ್ಸಲ್ ಮಾಡುವ ಮಾತನ್ನೂ ಎತ್ತಲಿಲ್ಲ. ಅಪ್ಪ ಮಗಳು ಸಂಜೆ ಹೊತ್ತು ಮರಳಿನಲ್ಲಿ ಕೂತು ಊರಿನ ಯಾರ್‍ಯಾರದೋ ಸುದ್ದಿ ಹೇಳಿಕೊಳ್ಳುತ್ತಿದ್ದರು. ಒಮ್ಮೊಮ್ಮೆ ಅವರು ಹೇಳುವುದೆಲ್ಲ ಕರಾರುವಾಕ್ಕಾಗಿರುತ್ತಿತ್ತು. ಒಮ್ಮೊಮ್ಮೆ ಸತ್ತವರು ಬದುಕಿರುತ್ತಿದ್ದರು. ನಾನು ದೂರದಲ್ಲಿ ಕೂತು, ಯಾವುದು ಯಾವಾಗ ಎಂಬುದಕ್ಕೆ ಏನಾದರೂ ಕ್ರಮ ಇದೆಯೇ ಎಂದು ಹುಡುಕಿ ಸೋತೆ. ಹತ್ತನೆಯ ದಿನ ವಿಮಾನ ಏರುವಾಗ ಮಾವ ಕಿಟಕಿಯ ಸೀಟು ಕೇಳಿದರು. ದ್ವೀಪಗಳು ಒಂದೊಂದಾಗಿ ಸಣ್ಣಗಾಗಿ ಮೋಡದಡಿ ಸೇರುವವರೆಗೆ ಗಾಜಿಗೆ ಹಣೆಯೊತ್ತಿ ನೋಡಿದರು.

ಸೆಪ್ಟೆಂಬರಿನ ಆ ದಿನ ಬೊಬ್ಲಿಂಗೆನ್ನಿನಲ್ಲಿ ಹನ್ನೆರಡು ಡಿಗ್ರಿ, ಮೋಡ. ವೈದ್ಯರು ಅರವತ್ತರ ಹೆಂಗಸು, ನಿಧಾನ ಮಾತು. ನಾನು ಅನುವಾದಕ. ಮೊದಲ ಪ್ರಶ್ನೆಗೇ ಸುಜಾತಾ ಅಪ್ಪನಿಗೆ ಸನ್ನೆ ಮಾಡಿದ್ದರಿಂದ ವೈದ್ಯರು ಅವಳನ್ನು ಹೊರಗೆ ಕೂರಿಸಿದರು.

ಇವತ್ತು ಯಾವ ವಾರ? ಗೊತ್ತಿಲ್ಲ ಎಂದರು ಮಾವ. ತಾರೀಖು? "ಚೌತಿ ಕಳ್ದ್ ಐದ್ ದಿನ ಆಯ್ತ್." ನಾನು ಬೆರಳೆಣಿಸಿ ನೋಡಿದೆ, ಸರಿಯಾಗಿತ್ತು. ವೈದ್ಯರ ಹಾಳೆಯಲ್ಲಿ ಚೌತಿಗೆ ಜಾಗವಿರಲಿಲ್ಲ. ಈಗ ಯಾವ ಋತು? ಮಾವ ಕಿಟಕಿಯ ಹೊರಗಿನ ಮೋಡ ನೋಡಿದರು.

"ಊರಂಗೆ ಮಳೆ ಮುಗೀತಾ ಬಂತ್. ಆ ದ್ವೀಪದಂಗೆ ಗಾಳಿ ತಿರ್ಗುಕೆ ಇನ್ನೂ ಒಂದ್ ತಿಂಗ್ಳಿತ್ತ್. ಇಲ್ಲಿದ್ದ್ ನಂಗೆ ಗೊತ್ತಾತಿಲ್ಲ. ಯಾವ್ದ್ ಹೇಳುದ್?" ನಾನು ಮೂರನ್ನೂ ಜರ್ಮನ್ನಿನಲ್ಲಿ ಹೇಳಿದೆ. ವೈದ್ಯರು ಹಾಳೆಗೆ ಬಾಗಿ ಬರೆದುಕೊಂಡರು. ಏನು ಬರೆದರೋ ಕಾಣಲಿಲ್ಲ.

ಮೂರು ಪದ ಹೇಳಿ ನೆನಪಿಟ್ಟುಕೊಳ್ಳಲು ತಿಳಿಸಿದ್ದರು: ನಿಂಬೆಹಣ್ಣು, ಬೀಗದ ಕೈ, ಚೆಂಡು. ಐದು ನಿಮಿಷದ ಮೇಲೆ ಕೇಳಿದಾಗ ಮಾವ ಕೈ ಮಡಚಿ ಕೂತರು. "ಮೂರಿತ್ತ್ ಅಂಬುದ್ ನೆನ್ಪಿತ್ತ್" ಎಂದರು. ಒಂದೂ ಬರಲಿಲ್ಲ. ಹೇಳಿಕೊಡಲು ನನ್ನ ನಾಲಿಗೆ ತುದಿಯಲ್ಲಿ ಮೂರೂ ಇದ್ದವು. ಅಲ್ಲಿಗೆ, ಇದು ಕಾಯಿಲೆಯೋ ಅಲ್ಲವೋ ಎಂಬ ನಮ್ಮ ಗೊಂದಲ ಹೆಚ್ಚುಕಡಿಮೆ ಮುಗಿದಿತ್ತು.

ಕೊನೆಗೆ ವೈದ್ಯರು ಒಂದು ಹಾಳೆ ಮುಂದಿಟ್ಟು, ಏನಾದರೂ ಒಂದು ವಾಕ್ಯ ಬರೆಯಲಿ, ಯಾವ ಭಾಷೆಯಾದರೂ ಸರಿ ಎಂದರು. ಮಾವ ಐದನೇ ತರಗತಿಯವರೆಗೆ ಓದಿದವರು. ಪೆನ್ನನ್ನು ಒತ್ತಿ, ಒಂದೊಂದೇ ಅಕ್ಷರ ಕೂರಿಸಿ ಬರೆದರು. ಬರೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಇದು ಪೂರ್ತಿ ವಾಕ್ಯವೇ? ಅರ್ಥವಿದೆಯೇ?" ಎಂದು ವೈದ್ಯರು ನನ್ನನ್ನು ಕೇಳಿದರು.

ಹಾಳೆಯಲ್ಲಿ ಹೀಗಿತ್ತು: "ನನ್ನ ಮಗಳು ಹೊರಗೆ ಒಬ್ಬಳೇ ಕೂತು ಹೆದರಿದ್ದಾಳೆ. ಅವಳನ್ನು ಒಳಗೆ ಕರೆಯಿರಿ."

"ಅರ್ಥವಿದೆ. ನೀವು ಕೇಳಿದ್ದು ಒಂದು, ಇವರು ಎರಡು ಬರೆದಿದ್ದಾರೆ" ಎಂದೆ. ಎರಡನೆಯದನ್ನು ಅನುವಾದ ಮಾಡಲು ಕೂರದೆ, ಎದ್ದು ಹೋಗಿ ಬಾಗಿಲು ತೆಗೆದೆ.